ವಾರಸುದಾರರಿಲ್ಲದ ವಾಹನ

ನನ್ನ ಕಾರಿಗೆ ದಿಕ್ಕುದೆಸೆಯಿಲ್ಲ ಎಂಬ ವಿಷಯ ನನಗೆ ಗೊತ್ತಾದದ್ದು ಒಂದು ಸೋಮವಾರ ಸಂಜೆ, ಅದೇ ಕಾರಿನಲ್ಲಿ ಮನೆಗೆ ಹೊರಟಾಗ. ಬೆಳಿಗ್ಗೆ ನಾನೇ ಓಡಿಸಿಕೊಂಡು ಬಂದು ಕಚೇರಿಯ ಹಿಂದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಸಂಜೆ ಬಂದು ನೋಡಿದರೆ ಮುಂದಿನ ಗಾಜಿಗೆ ಒಂದು ಹಾಳೆ ಅಂಟಿಸಿದ್ದರು. 'ವಾರಸುದಾರರಿಲ್ಲದ ವಾಹನ. ಏಳು ದಿನಗಳೊಳಗೆ ತೆರವುಗೊಳಿಸದಿದ್ದಲ್ಲಿ ಗುಜರಿಗೆ ಸಾಗಿಸಲಾಗುವುದು.' ಕೆಳಗೆ ಕಚೇರಿಯ ಮೊಹರು. ಮೊಹರು ನೆಟ್ಟಗೆ ಬಿದ್ದಿತ್ತು. ನಮ್ಮ ಕಚೇರಿಯಲ್ಲಿ ಮೊಹರು ನೆಟ್ಟಗೆ ಬೀಳುವುದು ವಿಷಯ ಗಂಭೀರವಾಗಿದ್ದಾಗ ಮಾತ್ರ.

ಗೇಟಿನ ಕಾವಲುಗಾರನನ್ನು ಕರೆದೆ.

"ಯಾರಯ್ಯಾ ಇದನ್ನ ಅಂಟಿಸಿದ್ದು?"

"ನಾನೇ ಸಾರ್."

"ಇದು ನನ್ನ ಕಾರು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ಲದೆ ಏನು ಸಾರ್. ಬೆಳಿಗ್ಗೆ ನಿಮಗೆ ಗೇಟು ತೆಗೆದವನೂ ನಾನೇ."

"ಮತ್ತೆ?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಾವಿನ ಮನೆಯಲ್ಲಿ ಮಾತಾಡುವವರ ಹಾಗೆ ದನಿ ತಗ್ಗಿಸಿದ. "ಹೊಸ ಮೇಡಂ ರೌಂಡಿಗೆ ಬಂದಿದ್ರು ಸಾರ್. ಇದು ಯಾರದು ಅಂದ್ರು. ನಿಮ್ಮ ಹೆಸರು ಬಾಯಿವರೆಗೂ ಬಂತು. ಆದರೆ ನೋಡಿ ಸಾರ್, ನಿಮ್ಮ ಮರ್ಯಾದೆ ಪ್ರಶ್ನೆ. ಯಾರದೋ ಗೊತ್ತಿಲ್ಲ ಅಂದುಬಿಟ್ಟೆ."

ನನ್ನ ಮರ್ಯಾದೆ ಉಳಿಸಲು ನನ್ನ ಕಾರನ್ನು ಅನಾಥ ಮಾಡಿದ ಆ ಪುಣ್ಯಾತ್ಮನಿಗೆ ಕೈಮುಗಿದೆ. ಹಾಳೆಯನ್ನು ಉಗುರಿನಿಂದ ಕೆರೆದು ಕಿತ್ತೆ. ಅರ್ಧ ಬಂತು, ಅರ್ಧ ಗಾಜಿನಲ್ಲೇ ಉಳಿಯಿತು. ಕೀಲಿ ತಿರುಗಿಸಿದೆ. ಎಂದಿನಂತೆ ಮೂರನೆಯ ಸಲಕ್ಕೆ ಎಂಜಿನ್ ಕೆಮ್ಮಿ ಎದ್ದಿತು.

ಮರುದಿನ ಮೇಡಂ ಕೋಣೆಗೆ ಹೋದೆ. ನಾನು ಹಳೆಯ ಕಡತಗಳ ವಿಭಾಗದವನು. ಯಾರೂ ಕೇಳದ ಕಡತಗಳನ್ನು, ಯಾರಾದರೂ ಕೇಳಿಯಾರು ಎಂದು ಕಟ್ಟಿ ಇಡುವುದು ನನ್ನ ಉದ್ಯೋಗ. ಇಪ್ಪತ್ತೆರಡು ವರ್ಷದಿಂದ ಇಟ್ಟಿದ್ದೇನೆ. ಇನ್ನೂ ಯಾರೂ ಕೇಳಿಲ್ಲ.

"ಮೇಡಂ, ಆ ಕಾರು ನಂದು."

ಅವರು ತಲೆ ಎತ್ತಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಅನುಮಾನ ಪರಿಹಾರವಾದಂತೆ ಕಂಡಿತು.

"ಅದು ಓಡುತ್ತಾ?"

"ದಿನಾ ಅದರಲ್ಲೇ ಬರ್ತೀನಿ ಮೇಡಂ."

"ನಾನು ನೋಡಿದಾಗ ಅದರ ಮೇಲೆ ಬೆಕ್ಕು ಮಲಗಿತ್ತು. ಓಡೋ ಗಾಡಿ ಮೇಲೆ ಬೆಕ್ಕು ಅಷ್ಟು ನಿಶ್ಚಿಂತೆಯಿಂದ ಮಲಗಲ್ಲ. ಆ ದೀಪ ನೋಡಿದೀರಾ? ಬೆಳಕು ಹೊರಗೆ ಬರೋದಿರಲಿ, ಒಳಗಾದರೂ ಇದೆಯಾ? ಬಂಪರ್ ಬೂದಿ ಬಣ್ಣಕ್ಕೆ ತಿರುಗಿದೆ. ನೋಡಿ, ನೋಡಿದವರಿಗೆ ಇದು ಯಾರೋ ಒಬ್ಬರದು ಅನ್ನಿಸೋ ಹಾಗೆ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಸೋಮವಾರ ಗುಜರಿ ಲಾರಿ ಬರುತ್ತೆ."

ಹೊರಗೆ ರಸ್ತೆಯಲ್ಲಿ ನಿಲ್ಲಿಸೋಣವೆಂದರೆ ಅಲ್ಲಿ ಬಸ್ಸು ನಿಲ್ಲುವ ಜಾಗ. ಕಾರನ್ನು ಮನೆಯಲ್ಲಿ ಬಿಟ್ಟು ಬಸ್ಸಿನಲ್ಲೇ ಬರೋಣವೆಂದರೆ, ವಾರವಿಡೀ ಓಡಿಸದೆ ನಿಲ್ಲಿಸಿದರೆ ಎಂಜಿನ್ ಮತ್ತೆ ಏಳುವುದಿಲ್ಲ. ಈ ಕಾರು ನನಗೆ ಬೇಕಾದದ್ದು ಕಚೇರಿಗಲ್ಲ. ಭಾನುವಾರಕ್ಕೆ.

ಕಾರು ನನ್ನ ಮಾವನದು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ನಿವೃತ್ತಿಯ ದಿನ ಬಂದ ದುಡ್ಡಿನಲ್ಲಿ ಈ ಕಾರು ತಂದು, ಒಂಬತ್ತು ವರ್ಷ ಓಡಿಸಿ, ಕಣ್ಣು ಕೈಕೊಟ್ಟಾಗ ಕೀಲಿ ನನಗೆ ಕೊಟ್ಟರು. "ಗಾಡಿ ಕೊಡ್ತಿಲ್ಲ ಕಣೋ, ನೋಡ್ಕೋ ಅಂತ ಕೊಡ್ತಿದೀನಿ," ಎಂದಿದ್ದರು. ಅದಾಗಿ ಎಂಟು ವರ್ಷ. ಈಗ ಅವರಿಗೆ ಕಾಣುವುದು ಬೆಳಕು, ನೆರಳು ಅಷ್ಟೇ. ನಾದಿನಿಯ ಮನೆಯಲ್ಲಿದ್ದಾರೆ. ಅದು ಮಹಡಿ ಮನೆ, ಕೆಳಗೆ ಟೈಲರ್ ಅಂಗಡಿ. ಮಾವ ಸಂಜೆಯೆಲ್ಲ ಆ ಅಂಗಡಿಯ ಬೆಂಚಿನ ಮೇಲೆ ಕೂತು ರಸ್ತೆಯ ಎಂಜಿನ್‌ಗಳನ್ನು ಕೇಳುತ್ತಾರೆ. ವಾರದಲ್ಲಿ ಒಂದೇ ಒಂದು ದಿನ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ನಾನು ಹೋಗುತ್ತೇನೆ. ಎರಡು ಮಾಸಲು ಹಳದಿ ದೀಪ ಮಸುಕಾಗಿ ತಿರುವಿನಲ್ಲಿ ಬಂದರೆ, ಒಡಕು ಗಂಟಲಿನ ಹಾರ್ನ್ ಕೇಳಿದರೆ, ಅವರು ಯಾರ ಕೈಯನ್ನೂ ಹಿಡಿಯದೆ ಎದ್ದು ನಡೆದುಬಂದು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಅವರ ಹಳೆಯ ಬಸ್ಸಿನ ದಾರಿ ಒಂದು ಸುತ್ತು. ಎಲ್ಲಿ ಯಾವ ಗೇರು ಎಂದು ಅವರು ಹೇಳುತ್ತಾರೆ, ನಾನು ಹಾಕುತ್ತೇನೆ. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಅದೊಂದು ಬಿಟ್ಟರೆ ಅವರು ಆ ಬೆಂಚು ದಾಟಿ ಹೊರಗೆ ಕಾಲಿಡುವುದಿಲ್ಲ.

ಆದ್ದರಿಂದ ಬುಧವಾರದಿಂದ ಮೂರು ದಿನ ರಜೆ ಹಾಕಿದೆ. ರಜೆಯ ಕಾರಣ 'ಕೌಟುಂಬಿಕ' ಎಂದು ಬರೆದೆ. ಸುಳ್ಳಲ್ಲ.

ನನ್ನ ಕೈಯಲ್ಲಿ ಯಾವ ಕೆಲಸವೂ ನೆಟ್ಟಗೆ ಆಗುವುದಿಲ್ಲವೆಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅಭಿಪ್ರಾಯ ಎನ್ನುವುದಕ್ಕಿಂತ ಅನುಭವ. ದೀಪದ ಪ್ಲಾಸ್ಟಿಕ್ ಹೊದಿಕೆಯ ಹಳದಿ ತೆಗೆಯಲು ನಾನು ಅಂಗಡಿಯಿಂದ ಐದು ನಮೂನೆಯ ಉಪ್ಪುಕಾಗದ ತಂದಿದ್ದೆ. ಬಡಗಿಗಳು ಮರ ಉಜ್ಜುವಂಥದ್ದಲ್ಲ, ನೀರಿನಲ್ಲಿ ನೆನೆಸಿ ಉಜ್ಜುವಂಥದ್ದು. ಮೊದಲು ಒರಟಿನದು, ಆಮೇಲೆ ನಯದ್ದು, ಅದಕ್ಕಿಂತ ನಯದ್ದು, ಕೊನೆಗೆ ಬಟ್ಟೆಯಲ್ಲಿ ಪಾಲಿಶು, ಅದರ ಮೇಲೊಂದು ತೆಳು ಲೇಪ. ಅಂಗಡಿಯವನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಒಂದು ಸಂಗತಿಯನ್ನು ಮಾತ್ರ ಅವನು ಹೇಳಲಿಲ್ಲ. ಒರಟು ಕಾಗದದಲ್ಲಿ ಉಜ್ಜಿದ ತಕ್ಷಣ ದೀಪ ಮೊದಲಿಗಿಂತ ಹದಗೆಟ್ಟು, ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿಬಿಡುತ್ತದೆ.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಮಾಡಿದ್ರಿ ಅಪ್ಪನ ಗಾಡೀನ?"

"ಇದು ಮೊದಲ ಹಂತ ಕಣೇ."

"ನಿಮ್ಮ ಎಲ್ಲ ಕೆಲಸಾನೂ ಮೊದಲ ಹಂತದಲ್ಲೇ ಮುಗಿಯುತ್ತೆ," ಎಂದು ಒಳಗೆ ಹೋದಳು.

ಈ ಹೊತ್ತಿಗೆ ಪಕ್ಕದ ಮನೆಯ ಸಲಹಾ ಸಮಿತಿ ಆಗಮಿಸಿತು. ಸಲಹಾ ಸಮಿತಿ ಎಂದರೆ ಒಬ್ಬರೇ ವ್ಯಕ್ತಿ. ಅಳತೆ ಇಲಾಖೆಯಿಂದ ನಿವೃತ್ತರಾದ ಮೇಲೆ ಬೀದಿಯಲ್ಲಿ ಯಾರೇ ಬಗ್ಗಿ ಏನೇ ಕೆಲಸ ಮಾಡಲಿ, ಅವರ ಬೆನ್ನ ಹಿಂದೆ ನಿಲ್ಲುವುದನ್ನು ಇವರು ವ್ರತದಂತೆ ನಡೆಸಿಕೊಂಡು ಬಂದಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟಿದ್ದರು.

"ಹಲ್ಲುಜ್ಜೋ ಪೇಸ್ಟ್ ಹಾಕಿ."

"ಹಾಕಿದೆ."

"ಅಡುಗೆ ಸೋಡಾ?"

"ಅದೂ ಆಯ್ತು."

"ಬಂಪರಿಗೇನು ಮಾಡ್ತಿದೀರಿ?"

"ಬಿಸಿಗಾಳಿ ಹಿಡಿದರೆ ಪ್ಲಾಸ್ಟಿಕ್ಕಿನ ಒಳಗಿನ ಕಪ್ಪು ಮೇಲೆ ಬರುತ್ತಂತೆ. ಇವಳ ಕೂದಲು ಒಣಗಿಸೋ ಮಿಷಿನ್ ಹಿಡಿದೆ. ಮಿಷಿನ್ ಸುಟ್ಟುಹೋಯ್ತು. ಈಗ ಬೂಟ್ ಪಾಲಿಶ್ ಹಚ್ಚಿದೀನಿ."

ಅವರು ಮೆಚ್ಚುಗೆಯಿಂದ ತಲೆದೂಗಿ, ದೀರ್ಘ ಚರ್ಚೆಗೆ ಅನುಕೂಲವಾಗಲೆಂದು, ಆಗಷ್ಟೇ ಬೂಟ್ ಪಾಲಿಶ್ ಹಚ್ಚಿದ್ದ ಬಂಪರಿನ ಮೇಲೆ ಕೂತರು. ನಾನು ಹೇಳಬೇಕೆಂದುಕೊಂಡೆ. ಹಿರಿಯರ ಮಾತಿನ ಮಧ್ಯೆ ಬಾಯಿ ಹಾಕುವುದು ಹೇಗೆಂದು ಸುಮ್ಮನಾದೆ. ಕಾಲು ಗಂಟೆ ಕೂತಿದ್ದರು.

"ಅದಿರಲಿ, ಎಷ್ಟಕ್ಕೆ ಕೊಡ್ತಿದೀರಿ?"

"ಏನನ್ನ?"

"ಕಾರನ್ನ."

"ಕೊಡ್ತಿಲ್ಲ. ಸುಮ್ಮನೆ ಉಜ್ತಿದೀನಿ."

ಅವರು ನಕ್ಕರು. ತಪ್ಪು ಅವರದಲ್ಲ. ನಮ್ಮ ಬೀದಿಯಲ್ಲಿ ಇಟ್ಟುಕೊಳ್ಳುವುದಕ್ಕಾಗಿ ಕಾರು ತೊಳೆದವರು ಯಾರೂ ಇಲ್ಲ. ಹದಿನೇಳು ವರ್ಷದ ಕಾರನ್ನು ರಜೆ ಹಾಕಿ ಉಜ್ಜುವವನು ಒಂದೋ ಮಾರುತ್ತಿದ್ದಾನೆ, ಇಲ್ಲವೇ ತಲೆ ಕೆಟ್ಟಿದೆ. ಸಮಿತಿಯವರು ನನ್ನ ಮೇಲಿನ ಗೌರವದಿಂದ ಮೊದಲನೆಯದನ್ನೇ ನಂಬಿದರು. "ಕೊಡಲ್ಲ ಅಂತಲೇ ಅನ್ನಬೇಕು. ಆಗಲೇ ಬೆಲೆ ಏರೋದು," ಎಂದು ಕಣ್ಣು ಮಿಟುಕಿಸಿ ಎದ್ದು, ಹಿಂದೆ ಎರಡು ಕರೀ ಚಂದ್ರ ಹೊತ್ತುಕೊಂಡು ಬೀದಿಯುದ್ದಕ್ಕೂ ಸುದ್ದಿ ಹೇಳಿ ಬಂದರು. ಸುದ್ದಿಯ ಸ್ವಾರಸ್ಯದಲ್ಲಿ ಯಾರೂ ಅವರಿಗೆ ಪ್ಯಾಂಟಿನ ವಿಷಯ ಹೇಳಲಿಲ್ಲ.

ಮರುದಿನದಿಂದ ಬೀದಿ ನನ್ನನ್ನು ಕನಿಕರದಿಂದ ನೋಡತೊಡಗಿತು. ಮಾರುತ್ತಾನೆಂದರೆ ಏನೋ ತಾಪತ್ರಯ. ತಾಪತ್ರಯವೆಂದರೆ ಕೆಲಸ ಹೋಗಿರಬೇಕು, ಅದಕ್ಕೇ ವಾರದ ನಡುವೆ ಮನೆಯಲ್ಲಿದ್ದಾನೆ. ಎದುರುಮನೆಯಾಕೆ ಹೆಂಡತಿಯನ್ನು ಬೇಲಿ ಹತ್ತಿರ ಕರೆದು, "ಧೈರ್ಯ ತಗೋಬೇಕಮ್ಮ, ಗಂಡಸರು ಈ ವಯಸ್ಸಲ್ಲಿ ಹೀಗೇ ಕುಸಿದುಬಿಡ್ತಾರೆ," ಎಂದು ಸಮಾಧಾನ ಹೇಳಿದರು. ಹೆಂಡತಿ ಬಂದು ನನ್ನ ಮುಂದೆ ನಿಂತಳು.

"ನೀವು ಕುಸಿದಿದೀರಂತೆ."

"ಬಗ್ಗಿದೀನಿ ಅಷ್ಟೇ."

ಆದರೆ ಗುರುವಾರ ಸಂಜೆ ಒಂದು ಪವಾಡ ನಡೆಯಿತು. ಐದನೆಯ ಕಾಗದ ಮುಗಿದು, ಪಾಲಿಶು ಹಚ್ಚಿ ಬಟ್ಟೆಯಲ್ಲಿ ತಿಕ್ಕುತ್ತಾ ಹೋದ ಹಾಗೆ, ಬಿಳುಪು ಕರಗಿ ದೀಪದ ಒಳಗಿನ ಬೆಳ್ಳಿ ಬಟ್ಟಲು ಕಂಡಿತು. ಅದರೊಳಗೆ ನನ್ನ ಮುಖವೂ ಕಂಡಿತು, ತಲೆಕೆಳಗಾಗಿ. ನನ್ನ ಜೀವಮಾನದಲ್ಲಿ ನಾನು ಶುರುಮಾಡಿ ಮುಗಿಸಿದ ಮೊದಲ ಕೆಲಸ ಇದು. ಹೆಂಡತಿ ಬಂದು ನೋಡಿದಳು. ದೀಪದ ಮೇಲೆ ಬೆರಳಾಡಿಸಿ ಬೆರಳನ್ನೇ ನೋಡಿಕೊಂಡಳು. "ಪರವಾಗಿಲ್ಲ ಕಣ್ರೀ," ಎಂದಳು ಕೊನೆಗೆ. ಮದುವೆಯಾದ ಮೇಲೆ ಈ ಪದವನ್ನು ಅವಳು ನನ್ನ ಬಗ್ಗೆ ಬಳಸಿದ್ದು ಅದೇ ಮೊದಲು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೆಚ್ಚುಗೆ ಎಂಬುದು ರೂಢಿಯಿಲ್ಲದವನ ತಲೆಗೆ ಬೇಗ ಏರುತ್ತದೆ. ಬಂಪರಿನ ಎಡಮೂಲೆಯಲ್ಲಿದ್ದ ಹಳೆಯ ಗೀರನ್ನೂ ಉಜ್ಜಿ ನುಣ್ಣಗೆ ಮಾಡಿದೆ. ಬೂಟ್ ಪಾಲಿಶ್ ಒರೆಸಿ ಅಂಗಡಿಯ ನಿಜವಾದ ಕಪ್ಪು ಲೇಪ ಹಚ್ಚಿದೆ. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟೆ. ಶುಕ್ರವಾರ ಗ್ಯಾರೇಜಿಗೆ ಒಯ್ದು ಒಡಕು ಹಾರ್ನ್ ತೆಗೆಸಿ ಹೊಸದು ಹಾಕಿಸಿದೆ. ಗ್ಯಾರೇಜಿನವನು ಕಾರಿನ ಮೆರುಗು ನೋಡಿ ಉತ್ಸಾಹಗೊಂಡು ಪ್ಲಗ್ಗುಗಳನ್ನು ಬದಲಿಸಿ, ಕ್ಲಚ್ಚಿನ ತಂತಿಯನ್ನೂ ಬಿಗಿಮಾಡಿದ. ಎಂಟು ವರ್ಷದಿಂದ ಗೊರಗೊರ ಎನ್ನುತ್ತಿದ್ದ ಎರಡನೇ ಗೇರು ಬೆಣ್ಣೆಯ ಹಾಗೆ ಬಿತ್ತು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಟೈಲರ್ ನಿಂತಿದ್ದ. ನಾದಿನಿಯ ಮನೆಯ ಕೆಳಗಿನ ಅಂಗಡಿಯವನು. ಸಲಹಾ ಸಮಿತಿಯವರು ಕಲೆಯಾದ ಬಿಳಿ ಪ್ಯಾಂಟಿನ ಬದಲು ಹೊಸದು ಹೊಲಿಸಲು ಹೋದಾಗ ಅವನಿಗೆ ವಿಷಯ ಹೇಳಿದ್ದರಂತೆ. ಕಾರಿನ ಸುತ್ತ ಮೂರು ಸುತ್ತು ಬಂದ. ಟೇಪು ಕೊರಳಲ್ಲೇ ಇತ್ತು.

"ಹೊರಗಿನವರಿಗೆ ಯಾಕೆ ಕೊಡ್ತೀರಿ ಸಾರ್, ನನಗೇ ಕೊಟ್ಟುಬಿಡಿ."

"ನಾನು ಯಾರಿಗೂ ಕೊಡ್ತಿಲ್ಲಪ್ಪ."

"ಸರಿ ಬಿಡಿ ಸಾರ್, ಅರ್ಥ ಆಯ್ತು," ಎಂದು ನೊಂದ ಮುಖ ಮಾಡಿಕೊಂಡು ಹೋದ. ಅವನಿಗೆ ಏನು ಅರ್ಥವಾಯಿತೆಂದು ನಾನು ಕೇಳಲಿಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು.

ಶನಿವಾರ ಕಚೇರಿಗೆ ಹೋದೆ. ಕಾವಲುಗಾರ ಗೇಟು ತೆಗೆಯಲಿಲ್ಲ. "ಸಾರ್ವಜನಿಕರ ಗಾಡಿ ಹೊರಗಡೆ," ಎಂದ. ಕಿಟಕಿ ಇಳಿಸಿ ಮುಖ ತೋರಿಸಿದೆ. "ಓ, ನೀವಾ ಸಾರ್. ಹಳೇದನ್ನ ಲಾರಿಯವರು ಒಯ್ದರಾ?" ಎಂದ. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಮೇಡಂ ಕಿಟಕಿಯಿಂದ ನೋಡಿ, "ಈಗ ಯಾರದೋ ಅನ್ನಿಸುತ್ತೆ," ಎಂದು ಕಡತಕ್ಕೆ ರುಜು ಹಾಕಿದರು. ವಿಷಯ ಮುಕ್ತಾಯವಾಯಿತು ಎಂದುಕೊಂಡೆ.

ಭಾನುವಾರ ಮೋಡ ಕವಿದಿತ್ತು. ಹತ್ತಕ್ಕೆ ಸರಿಯಾಗಿ ಹೆಂಡತಿಯೊಡನೆ ನಾದಿನಿಯ ಬೀದಿಯ ತಿರುವಿಗೆ ಬಂದೆ. ದೀಪ ಹಾಕಿದ್ದೆ. ಬೆಳ್ಳಗಿನ ಎರಡು ಬೆಳಕು ಟೈಲರ್ ಅಂಗಡಿಯ ಬಾಗಿಲಿಗೆ ಬಡಿಯಿತು. ಹಾರ್ನ್ ಒತ್ತಿದೆ. ಇಂಪಾಗಿ ಕೂಗಿತು. ಮಾವ ಇಸ್ತ್ರಿ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದರು. ಏಳಲಿಲ್ಲ.

ಇಳಿದು ಹೋದೆ. "ಮಾವ, ಬನ್ನಿ."

"ಬಂದ್ರಾ? ಯಾರ ಗಾಡಿಯಲ್ಲಿ ಬಂದ್ರಿ?"

ಇಪ್ಪತ್ತು ವರ್ಷದಲ್ಲಿ ಮಾವ ನನ್ನನ್ನು 'ನೀವು' ಎಂದವರಲ್ಲ. ಡ್ರೈವಿಂಗ್ ಕಲಿಸುವಾಗ ಕತ್ತೆ, ಕೋಣ ಎಲ್ಲ ಅಂದಿದ್ದಾರೆ. 'ನೀವು' ಅಂದಿಲ್ಲ.

"ನಮ್ಮ ಗಾಡಿಯಲ್ಲೇ ಮಾವ."

"ಟೈಲರ್ ಎಲ್ಲ ಹೇಳಿದ. ನನಗೆ ಕೊಡಲ್ಲ ಅಂದ್ರು, ಆಗಲೇ ಬೇರೆಯವರ ಜೊತೆ ಮಾತು ಮುಗಿದಿರಬೇಕು ಅಂದ. ಬಿಡಿ. ನಿಮಗೂ ಏನೇನೋ ಕಷ್ಟ ಇರುತ್ತೆ."

"ಇಲ್ಲ ಮಾವ, ಇದೇ ನೋಡಿ, ಮುಟ್ಟಿ ನೋಡಿ." ಅವರ ಕೈ ಹಿಡಿದು ದೀಪದ ಮೇಲಿಟ್ಟೆ. ಅವರ ಬೆರಳು ಒಂದು ಸಲ ಮೇಲಿಂದ ಕೆಳಕ್ಕೆ ಜಾರಿತು.

"ಗಾಜಿನ ಹಾಗಿದೆ."

"ಉಜ್ಜಿದೆ ಮಾವ. ಐದು ಕಾಗದದಲ್ಲಿ."

"ಎಡಮೂಲೆಯಲ್ಲಿ ಒಂದು ಗೀರು ಇರಬೇಕಲ್ಲ? ಇವಳು ಗಾಡಿ ಕಲಿಯುವಾಗ ಗೇಟಿಗೆ ಒರೆಸಿದ್ದು."

"ಅದನ್ನೂ ಉಜ್ಜಿದೆ."

ಅವರು ಬಾಗಿಲು ತೆರೆದರು, ಮುಚ್ಚಿದರು. ಸದ್ದಿಲ್ಲ. "ಎಣ್ಣೆ ಬಿಟ್ಟಿರಿ," ಎಂದರು ಅವರೇ.

"ಹೌದು ಮಾವ."

"ಹಾರ್ನ್ ಬದಲಾಯಿಸಿದ್ರಿ."

"ಹೌದು."

ನಾದಿನಿ ಮಹಡಿಯಿಂದ ಇಳಿದುಬಂದು ನಂಬರನ್ನು ಗಟ್ಟಿಯಾಗಿ ಓದಿದಳು. "ಅಪ್ಪ, ಅದೇ ನಂಬರ್. ಭಾವ ಯಾಕೆ ಸುಳ್ಳು ಹೇಳ್ತಾರೆ?"

"ನಂಬರ್ ತಗಡಿಗೆ ಎರಡು ಸ್ಕ್ರೂ ಅಮ್ಮ. ಮೂವತ್ತೊಂದು ವರ್ಷ ಡಿಪೋದಲ್ಲಿದ್ದವನಿಗೆ ಹೇಳಿಕೊಡ್ತೀಯಾ?"

ಕೊನೆಯ ಆಸೆ ಎಂಜಿನ್. ನನ್ನ ಕೈಗೆ ಬಂದಾಗಿನಿಂದ ಮೂರು ಸಲ ಕೆಮ್ಮದೆ ಅದು ಎದ್ದದ್ದಿಲ್ಲ, ಪ್ಲಗ್ಗು ಬದಲಿಸಿದ ಮೇಲೂ ಅಂದು ಬೆಳಿಗ್ಗೆ ಒಮ್ಮೆ ಕೆಮ್ಮಿತ್ತು. ಆ ಕೆಮ್ಮು ಕೇಳಿದರೆ ಮಾವನಿಗೆ ಬೇರೆ ಸಾಕ್ಷಿ ಬೇಡ. ಮನಸ್ಸಿನಲ್ಲೇ ಕೈಮುಗಿದು ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಗುಂಯ್ ಎಂದು ಎದ್ದಿತು. ಅಂಗಡಿಯೊಳಗಿಂದ ಟೈಲರ್, "ಹೊಸದು ಹೊಸದೇ," ಎಂದ.

ಮಾವ ನಕ್ಕರು. ಆ ನಗು ಕಂಡು ನನಗೆ ಹೆದರಿಕೆಯಾಯಿತು. "ನನಗೆ ಬೇಜಾರಾಗಬಾರದು ಅಂತ ಎಲ್ಲರೂ ಸೇರಿ ಇಷ್ಟೆಲ್ಲ ಮಾಡ್ತಿದೀರಿ. ಒಳ್ಳೆಯ ಮಕ್ಕಳು. ನಡೀರಿ, ಒಂದು ಸುತ್ತು ಹೋಗೋಣ." ಅಷ್ಟು ಹೇಳಿ, ಹಿಂದಿನ ಬಾಗಿಲು ತಡಕಿ, ಹಿಂದಿನ ಸೀಟಿನಲ್ಲಿ ಕೂತರು. ಪರಕೀಯರ ಕಾರಿನಲ್ಲಿ ಅತಿಥಿ ಕೂರುವ ಹಾಗೆ, ಕೈ ಮಡಿಲಲ್ಲಿಟ್ಟುಕೊಂಡು.

ದಾರಿಯುದ್ದಕ್ಕೂ ಅವರು ಒಂದು ಗೇರನ್ನೂ ಹೇಳಲಿಲ್ಲ. ಹಳೆಯ ಕಾರಿನ ಗುಣಗಾನ ಮಾಡಿದರು. ಅದು ಯಾವ ಏರಿನಲ್ಲಿ ಹೇಗೆ ಉಸಿರು ಬಿಡುತ್ತಿತ್ತು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಹೇಗೆ ಒಂದೇ ಸಲಕ್ಕೆ ಎದ್ದಿತ್ತು. ಆ ಕಾರಿನಲ್ಲೇ ಕೂತು, ಆ ಕಾರಿನದೇ ತಿಥಿಯ ಮಾತು ಕೇಳುತ್ತ ನಾನು ಓಡಿಸಿದೆ. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

"ತಗೊಂಡವರಿಗೆ ಒಂದು ಮಾತು ಹೇಳಿ," ಎಂದರು ಮಾವ. "ಎರಡನೇ ಗೇರಿಗೆ ಜಬರದಸ್ತಿ ಮಾಡಬಾರದು. ಸ್ವಲ್ಪ ತಡೆದು, ಮೆಲ್ಲಗೆ ಹಾಕಬೇಕು."

"ಹೇಳ್ತೀನಿ ಮಾವ," ಎಂದೆ. ಬೇರೇನು ಹೇಳಲಿ. ಎರಡನೇ ಗೇರು ಬೆಣ್ಣೆಯ ಹಾಗೆ ಬಿತ್ತು.

ಇಳಿಯುವಾಗ, "ಮುಂದಿನ ವಾರ ಬರೋದು ಬೇಡ. ಸುಮ್ಮನೆ ನಿಮಗೆ ತೊಂದರೆ," ಎಂದರು.

ಮುಂದಿನ ಭಾನುವಾರ ನಾದಿನಿ ಫೋನ್ ಮಾಡಿದಳು. "ಅಪ್ಪ ಬೆಂಚಿಗೂ ಇಳಿದಿಲ್ಲ ಭಾವ. ಅಂಗಿ ಇಸ್ತ್ರಿ ಬೇಡ ಅಂದ್ರು. ರಸ್ತೆ ಕಡೆ ಕಿಟಕಿ ಮುಚ್ಚು ಅಂದ್ರು."

ಫೋನಿಟ್ಟು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಬಂದಳು. ಕೈಯಲ್ಲಿ ಒರಟು ಉಪ್ಪುಕಾಗದ, ಒಂದು ಬಕೆಟ್ ನೀರು.

"ಮೊದಲ ಹಂತದಲ್ಲಿ ಬೆಳ್ಳಗಾಗುತ್ತೆ ಅಂದ್ರಲ್ಲ," ಎಂದಳು. "ಅಷ್ಟು ಮಾಡಿ ನಿಲ್ಲಿಸಿ. ಅದು ನಿಮಗೆ ಬರುತ್ತೆ."

ಒಂದು ದೀಪ ನಾನು, ಒಂದು ದೀಪ ಅವಳು. ಎರಡು ದಿನ ಬೆವರು ಹರಿಸಿ ತಂದ ಬೆಳಕು ಅರ್ಧ ಗಂಟೆಯಲ್ಲಿ ಹೋಯಿತು. ಉಜ್ಜುತ್ತ ಉಜ್ಜುತ್ತ ಅವಳು ಅತ್ತಳು. ನಾನು ನೋಡದವನ ಹಾಗೆ ಬಂಪರಿಗೆ ಸೋಪುಪುಡಿ ಹಚ್ಚಿ ತಿಕ್ಕಿ ಕಪ್ಪು ತೆಗೆದೆ. ಎಡಮೂಲೆಯ ಗೀರನ್ನು ಅವಳೇ ಮೊಳೆಯಿಂದ ಎಳೆದಳು. ಮೊದಲ ಸಲ ಎಳೆದವಳೂ ಅವಳೇ ಆದ್ದರಿಂದ ಜಾಗ ನೆನಪಿತ್ತು. ಗ್ಯಾರೇಜಿನವನ ಗುಜರಿ ಡಬ್ಬಿಯಿಂದ ಹಳೆಯ ಹಾರ್ನ್ ಹುಡುಕಿ ತಂದು ಹಾಕಿಸಿದೆ. ಅವನು ನನ್ನ ಮುಖವನ್ನು ನೋಡಲು ಹೆದರಿದ. ಎಂಜಿನ್ನನ್ನು ಮಾತ್ರ ನಾವು ಕೆಡಿಸಬೇಕಾಗಲಿಲ್ಲ, ಅದು ವಾರದೊಳಗೆ ತಾನಾಗಿಯೇ ಹಳೆಯ ದಾರಿಗೆ ಬಂತು.

ಸಲಹಾ ಸಮಿತಿ ಹೊಸ ಪ್ಯಾಂಟಿನಲ್ಲಿ ಬಂದು ದೂರದಲ್ಲೇ ನಿಂತಿತು. "ವ್ಯಾಪಾರ ಮುರಿದುಬಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಬೇಜಾರು ಮಾಡ್ಕೋಬೇಡಿ, ಸಿಟ್ಟು ಗಾಡಿ ಮೇಲೆ ತೀರಿಸ್ಕೋಬೇಡಿ," ಎಂದು ಸಲಹೆ ಕೊಟ್ಟು ಹೋಯಿತು.

ಶನಿವಾರ ಸಂಜೆ ಕಚೇರಿಯಿಂದ ಹೊರಗೆ ಬಂದರೆ ಗಾಜಿನ ಮೇಲೆ ಹಾಳೆ ಅಂಟಿತ್ತು. ಅದೇ ಮೊಹರು, ನೆಟ್ಟಗೆ. ಕಾವಲುಗಾರ ಟೋಪಿ ತೆಗೆದೇ ನಿಂತಿದ್ದ. "ಈ ಸಲ ನಿಮ್ಮದು ಅಂತ ಹೇಳಿದೆ ಸಾರ್. ಮೇಡಂ ನಂಬಲಿಲ್ಲ. ಅವರದು ಆಗಲೇ ಬದಲಾಯ್ತಲ್ಲ ಅಂದ್ರು." ಹೋದ ಸಲ ಹಾಳೆ ಅರ್ಧ ಕಿತ್ತುಬಂದದ್ದು ಅವನ ಮನಸ್ಸಿಗೆ ಹತ್ತಿತ್ತಂತೆ. ಈ ಸಲ ನನ್ನ ವಿಭಾಗದಿಂದಲೇ ಕಡತಗಳ ಗೋಂದು ತಂದು ಹಚ್ಚಿದ್ದ. ಇಪ್ಪತ್ತೆರಡು ವರ್ಷ ಬಿಡದ ಗೋಂದು ಅದು. ಉಗುರು ಮುರಿಯಿತು, ಹಾಳೆ ಅಲ್ಲಾಡಲಿಲ್ಲ.

ಆ ಹಾಳೆ ಹೊತ್ತುಕೊಂಡೇ ಭಾನುವಾರ ಹೋದೆವು. ನಾದಿನಿ ಹೇಗೋ ಒಪ್ಪಿಸಿ ಮಾವನನ್ನು ಬೆಂಚಿಗೆ ಇಳಿಸಿದ್ದಳು. ಅಂಗಿ ಸುಕ್ಕಾಗಿತ್ತು. ಹಾರ್ನ್ ಒತ್ತಿದೆ. ಒಡಕು ಗಂಟಲು ಕೂಗಿತು. ಅವರ ತಲೆ ಎದ್ದಿತು. ಅವರು ನಾದಿನಿಯ ಕೈ ಹಿಡಿದು ಬಂದು ದೀಪದ ಮೇಲೆ ಬೆರಳಿಟ್ಟರು. ಎಡಕ್ಕೆ, ಬಲಕ್ಕೆ, ಸುತ್ತ ಆಡಿಸಿದರು.

"ಹಾರ್ನ್ ನನ್ನದೇ," ಎಂದರು. "ಆದರೆ ಈ ದೀಪ... ಇದು ಬಿಸಿಲಿಗೆ ಮಾಸಿದ್ದಲ್ಲ. ಕೈಯಲ್ಲಿ ಉಜ್ಜಿದ್ದು. ಗೆರೆ ಗೆರೆ ಇದೆ. ಹಳೇ ಹಾರ್ನ್ ಹುಡುಕಿ ತಂದು, ಹೊಸ ಗಾಡಿ ದೀಪಾನ ಕೆಡಿಸಿದ್ರಾ? ನನಗೋಸ್ಕರಾನಾ?"

ಟೈಲರ್‌ನ ಮಿಷಿನ್ ನಿಂತಿತು. ಕೆಡಿಸಿದರೂ ನಂಬುತ್ತಿಲ್ಲವಲ್ಲ, ಇನ್ನು ಏನು ಮಾಡಲಿ ಎಂದು ನನಗೆ ಅಳುವೇ ಬಂತು. ಮಾವ ಕಾರಿನ ಮೈ ಸವರುತ್ತ ಮುಂದಿನ ಗಾಜಿನವರೆಗೆ ಬಂದರು. ಅವರ ಬೆರಳಿಗೆ ಹಾಳೆಯ ಅಂಚು ತಗುಲಿತು.

"ಇದೇನು?"

"ಏನಿಲ್ಲ ಮಾವ."

"ಓದಮ್ಮ," ಎಂದರು ಮಗಳಿಗೆ.

ನನ್ನ ಹೆಂಡತಿ ನನ್ನ ಮುಖ ನೋಡಿ, ತಲೆ ತಗ್ಗಿಸಿ ಓದಿದಳು. "ವಾರಸುದಾರರಿಲ್ಲದ ವಾಹನ. ಏಳು ದಿನಗಳೊಳಗೆ ತೆರವುಗೊಳಿಸದಿದ್ದಲ್ಲಿ ಗುಜರಿಗೆ ಸಾಗಿಸಲಾಗುವುದು."

"ಯಾರು ಅಂಟಿಸಿದ್ದು?"

"ನಮ್ಮ ಆಫೀಸಿನವರು ಮಾವ. ಎರಡನೇ ಸಲ. ಮೊದಲ ಸಲ ಅಂಟಿಸಿದ್ದಕ್ಕೇ ನಾನು ಇದನ್ನೆಲ್ಲ ಉಜ್ಜಿದ್ದು. ಇಲ್ಲಾಂದ್ರೆ ಗುಜರಿಗೆ ಹಾಕಿಬಿಡ್ತಿದ್ರು. ಆಮೇಲೆ ಭಾನುವಾರ ನಿಮ್ಮನ್ನ ಯಾವುದರಲ್ಲಿ ಕರ್ಕೊಂಡು ಹೋಗಲಿ?"

ಮಾವ ಆ ಹಾಳೆಯನ್ನು ಅಂಚಿನಿಂದ ಅಂಚಿಗೆ ಸವರಿದರು. ಗೋಂದು ಗಟ್ಟಿಯಾಗಿದ್ದ ಮೂಲೆಯಲ್ಲಿ ಬೆರಳು ನಿಂತಿತು.

"ಹೊಸ ಗಾಡಿಗೆ ಯಾರೂ ಹೀಗೆ ಬರೆಯಲ್ಲ," ಎಂದರು.

ನಾದಿನಿಯ ಕೈ ಬಿಟ್ಟರು. ಗಾಡಿಯ ಅಂಚು ಹಿಡಿದು ನಡೆದು, ಮುಂದಿನ ಬಾಗಿಲು ತೆರೆದು, ತಮ್ಮ ಸೀಟಿನಲ್ಲಿ ಕೂತರು. ನಾನು ಓಡಿಬಂದು ಕೀಲಿ ತಿರುಗಿಸಿದೆ. ಮೊದಲ ಸಲಕ್ಕೆ ಏಳಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲಕ್ಕೆ ಕೆಮ್ಮಿ ಎದ್ದಿತು. ಮಾವನ ಬಲಗಾಲು ಮೆಲ್ಲಗೆ ಮುಂದೆ ಸರಿದು ಇಲ್ಲದ ಬ್ರೇಕಿನ ಮೇಲೆ ಕೂತಿತು.

"ಮೊದಲೇ ಹೇಳಬಾರದಿತ್ತೇನೋ, ಕತ್ತೆ," ಎಂದರು.

ನನ್ನ ಕಣ್ಣು ಮಂಜಾಗಿತ್ತು. ಒರೆಸಿಕೊಂಡೆ. "ಸೋಮವಾರ ಏನಾದರೂ ಮಾಡಿ ಆ ಹಾಳೆ ಕೀಳಿಸ್ತೀನಿ ಮಾವ. ನಿಮ್ಮ ಮುಂದೆಯೇ ಅಂಟಿಸಿಬಿಟ್ಟಿದಾರೆ."

"ಕೀಳಬೇಡ," ಎಂದರು ಮಾವ. "ಗುರುತಿಗೆ ಇರಲಿ. ನನ್ನ ಕಡೆಯ ಗಾಜು ತಾನೆ? ನನಗೇನೂ ಅಡ್ಡ ಆಗಲ್ಲ. ಎರಡನೇ ಗೇರು ಹಾಕು. ಮೆಲ್ಲಗೆ."